ದುಬಾರಿ ನಕಲಿ ಎರೆ: ಕೊಟ್ಟ ಕಾಸಿಗೆ ತಕ್ಕ ಮೀನು ಬೀಳುತ್ತದೆಯೇ?

ಸಿ. ಬೆಳಗಲ್: ಹೊಳೆ ದಂಡೆಯಲ್ಲಿ ಗಾಳ ಹಾಕುವುದೆಂದರೆ ಬಿದಿರು ಕೋಲು, ನೈಲಾನ್ ದಾರ, ಬೆಂಡು ಮತ್ತು ಡಬ್ಬಿ ತುಂಬ ಎರೆಹುಳು ಎನ್ನುವ ಕಾಲವೊಂದಿತ್ತು. ಈಗ ತುಂಗಭದ್ರೆಯ ದಂಡೆಯಲ್ಲೂ ರೀಲ್ ಇರುವ ಕೋಲು, ರಬ್ಬರ್ ಕಪ್ಪೆ, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು ಕಾಣಿಸುತ್ತಿವೆ. ಇವುಗಳಿಗೆ ಲ್ಯೂರ್ ಎಂದು ಹೆಸರು. ಅಂದರೆ ನಕಲಿ ಎರೆ. ಮೊಬೈಲಿನಲ್ಲಿ ವಿಡಿಯೊ ನೋಡಿ ಆರ್ಡರ್ ಮಾಡಿದರೆ ನಾಲ್ಕು ದಿನದಲ್ಲಿ ಮನೆ ಬಾಗಿಲಿಗೆ ಬರುತ್ತವೆ.

ತೊಂದರೆ ಇರುವುದು ಬೆಲೆಯಲ್ಲಿ. ದೇಶಿ ರಬ್ಬರ್ ಕಪ್ಪೆ ಸುಮಾರು ನೂರು, ನೂರೈವತ್ತು ರೂಪಾಯಿಗೆ ಸಿಗುತ್ತದೆ. ಹೆಸರಾಂತ ವಿದೇಶಿ ಕಂಪನಿಯ ಮೀನಿಗೆ ಆರುನೂರರಿಂದ ಒಂಬೈನೂರು ರೂಪಾಯಿ. ಜಪಾನಿನ ಕೆಲವು ಮಾಲು ಒಂದಕ್ಕೇ ಸಾವಿರ ದಾಟುತ್ತದೆ. 2024-25ರಲ್ಲಿ ಆಂಧ್ರಪ್ರದೇಶದಲ್ಲಿ ಉದ್ಯೋಗ ಖಾತ್ರಿ (ಉಪಾಧಿ ಹಾಮಿ) ಕೆಲಸದ ದಿನಗೂಲಿ 300 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಒಂಬೈನೂರರ ಮೀನು ಮೂರು ದಿನದ ದುಡಿಮೆ. ಅದು ಮೊದಲನೇ ಎಸೆತಕ್ಕೇ ಬಂಡೆ ಸಂದಿಗೆ ಸಿಕ್ಕಿ ಹರಿದು ಹೋದರೆ?

ಹಾಗಾದರೆ ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚು ಮೀನು ಬೀಳುತ್ತದೆಯೇ? ನಮ್ಮ ಹೊಳೆ, ಕೆರೆಗಳ ಮಟ್ಟಿಗೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಮೊದಲು ಮೀನು ಯಾವುದು, ನೋಡಿ

ಲ್ಯೂರ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಕಂಪನಿ ಯಾವುದು ಎಂಬುದಲ್ಲ, ನೀರಿನಲ್ಲಿರುವ ಮೀನು ಯಾವುದು ಎಂಬುದು. ನಕಲಿ ಎರೆಗೆ ವಾಸನೆಯಿಲ್ಲ, ರುಚಿಯಿಲ್ಲ. ಅದು ಓಡುವ ಜೀವದಂತೆ ನಟಿಸುತ್ತದೆ, ಅಷ್ಟೇ. ಆದ್ದರಿಂದ ಓಡುವ ಜೀವವನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವ ಬೇಟೆ ಮೀನು ಮಾತ್ರ ಅದಕ್ಕೆ ಬಾಯಿ ಹಾಕುತ್ತದೆ.

ಸುಂಕೇಸುಲ ಬ್ಯಾರೇಜಿನ ಹಿನ್ನೀರು, ಗುಂಡ್ರೇವುಲ ಕಡೆಯ ಹೊಳೆ, ಹಂದ್ರಿ ನದಿಯ ಗಾಜುಲದಿನ್ನೆ ಜಲಾಶಯ, ಊರ ಕೆರೆಗಳು ಇವುಗಳಲ್ಲಿ ಬಲೆಗೆ ಹೆಚ್ಚಾಗಿ ಬೀಳುವುದು ಗೆಂಡೆ ಜಾತಿಯ ಮೀನುಗಳು. ಕಾಟ್ಲಾ (ತೆಲುಗಿನವರ ಬೊಚ್ಚೆ), ರೋಹು, ಮೃಗಾಲ್ ಮರಿಗಳನ್ನು ಕೆರೆ, ಜಲಾಶಯಗಳಿಗೆ ತಂದು ಬಿಡುವ ಪದ್ಧತಿ ಹಲವು ದಶಕಗಳಿಂದ ಇದೆ. ಕಾಟ್ಲಾ ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನಲ್ಲಿ ಪಾಚಿ, ಗಿಡದ ಚೂರು ಮೇಯುತ್ತದೆ. ಮೃಗಾಲ್ ತಳದ ಕೆಸರನ್ನು ಕೆದಕುತ್ತದೆ. ಈ ಮೂರೂ ಬೇಟೆ ಮೀನುಗಳಲ್ಲ. ಎರಡು ಸಾವಿರದ ಜಪಾನಿ ಮೀನನ್ನು ಅವುಗಳ ಮೂಗಿನ ಮುಂದೆ ಎಳೆದರೂ ಅಪರೂಪಕ್ಕೆ ಮೈಗೆ ಗಾಳ ಚುಚ್ಚಿಕೊಂಡು ಬಂದಾವೇ ಹೊರತು ಬಾಯಿ ಹಾಕುವ ಸಂಭವ ತೀರ ಕಡಿಮೆ.

ಇವಕ್ಕೆ ಬೇಕಾದದ್ದು ಹಿಟ್ಟು. ಆದೋನಿಯ ಎಣ್ಣೆ ಗಿರಣಿಯ ಶೇಂಗಾ ಹಿಂಡಿ, ಸ್ವಲ್ಪ ತೌಡು, ಗೋಧಿ ಹಿಟ್ಟು ಕಲಸಿ ಉಂಡೆ ಮಾಡಿದರೆ ಇಪ್ಪತ್ತು ರೂಪಾಯಿಯಲ್ಲಿ ಇಡೀ ದಿನದ ಕೆಲಸ ಆಗುತ್ತದೆ.

ಹಿಟ್ಟಿನ ಉಂಡೆ ಬಡವರ ಪಾಡು ಎಂದು ಯಾರೂ ಮೂಗು ಮುರಿಯಬೇಕಿಲ್ಲ. ಗಾಳದ ಬೇಟೆಯಲ್ಲಿ ಕರ್ನಾಟಕಕ್ಕೆ ಜಗತ್ತಿನಲ್ಲಿ ಹೆಸರು ತಂದದ್ದು ಕಾವೇರಿಯ ಮಹಸೀರ್ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಇಂದಿಗೂ ಮಾತಿಗೆ ಬರುತ್ತದೆ. ಮುಂದೆ 1970ರ ದಶಕದ ಕೊನೆಯಿಂದ ಭೀಮೇಶ್ವರಿ, ಗಾಲಿಬೋರೆ ಕಡೆಗೆ ವಿದೇಶಿ ಬೇಟೆಗಾರರು ಸಾವಿರಾರು ರೂಪಾಯಿಯ ಕೋಲು, ರೀಲ್ ಹಿಡಿದುಕೊಂಡು ಬಂದರು. ಆದರೆ ಅವರ ಗಾಳದ ತುದಿಯಲ್ಲಿ ಹೆಚ್ಚಾಗಿ ಇದ್ದದ್ದು ನಮ್ಮ ಬೇಯಿಸಿದ ರಾಗಿ ಹಿಟ್ಟಿನ ಮುದ್ದೆ. (ಆ ಬೇಟೆ ಈಗ ಇಲ್ಲ. ಕಾವೇರಿಯ ಆ ಗೂನು ಬೆನ್ನಿನ ಮಹಸೀರನ್ನು 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಗಿದೆ.)

ಲ್ಯೂರ್‌ಗೆ ಬೀಳುವ ಮೀನುಗಳು

ನಮ್ಮ ಭಾಗದಲ್ಲಿ ನಕಲಿ ಎರೆಗೆ ಬೀಳುವ ಮೀನುಗಳಲ್ಲಿ ಮುಖ್ಯವಾದವು ಎರಡು.

ಮೊದಲನೆಯದು ಕೊರವ. ತೆಲುಗಿನಲ್ಲಿ ಕೊರ್ರಮೀನು, ಪೇಟೆಯವರಿಗೆ ಮುರೆಲ್. ಮುಳ್ಳು ಕಡಿಮೆ, ಮಾಂಸ ಗಟ್ಟಿ, ಜೀವಂತವಾಗಿಯೇ ಮಾರಾಟ, ಹೀಗಾಗಿ ಗೆಂಡೆಗಿಂತ ಬೆಲೆ ಬಹಳ ಜಾಸ್ತಿ. ತೆಲಂಗಾಣದ ರಾಜ್ಯ ಮೀನು ಇದೇ. ಮೃಗಶಿರ ಕಾರ್ತೆಗೆ ಹೈದರಾಬಾದಿನಲ್ಲಿ ಉಬ್ಬಸದವರಿಗೆ ಕೊಡುವ ಮೀನು ಪ್ರಸಾದದಲ್ಲಿ ನುಂಗಿಸುವುದೂ ಇದರ ಮರಿಯನ್ನೇ. ಕೊರವ ಕಿವಿರಿನ ಜೊತೆಗೆ ಗಾಳಿಯನ್ನೂ ಉಸಿರಾಡುತ್ತದೆ. ಅದಕ್ಕಾಗಿ ಆಗಾಗ ನೀರಿನ ಮೇಲಕ್ಕೆ ಬರಲೇಬೇಕು. ಅಂತರಗಂಗೆ, ಜೊಂಡು, ತಾವರೆ ಎಲೆಯ ಸಂದಿಯಲ್ಲಿ ಹೊಂಚು ಹಾಕಿ ಕಪ್ಪೆ, ಸಣ್ಣ ಮೀನು, ಹುಳುಗಳನ್ನು ಹಿಡಿಯುತ್ತದೆ. ರಬ್ಬರ್ ಕಪ್ಪೆ ಕೆಲಸ ಮಾಡುವುದು ಇದರ ಮೇಲೆ.

ಎರಡನೆಯದು ಬಾಳೆ ಮೀನು. ತೆಲುಗಿನಲ್ಲಿ ವಾಲುಗ. ಅಗಲ ಬಾಯಿ, ಉದ್ದ ಮೀಸೆ, ಬಾಯಿ ತುಂಬ ಸಣ್ಣ ಹಲ್ಲು. ಹೊಳೆಯ ಆಳದ ಮಡುಗಳಲ್ಲಿ ಇರುತ್ತದೆ, ಸಂಜೆ ಮತ್ತು ರಾತ್ರಿ ಬೇಟೆಗೆ ಹೊರಡುತ್ತದೆ. ದೊಡ್ಡದಾಗಿ ಬೆಳೆಯುವ ಮೀನಾದ್ದರಿಂದ ಗಾಳ, ದಾರ ಎರಡರ ಬಲವನ್ನೂ ಇದು ಪರೀಕ್ಷಿಸುತ್ತದೆ. ಇದಕ್ಕೆ ನೀರಿನೊಳಗೆ ಮುಳುಗಿ ಓಡುವ ಪ್ಲಾಸ್ಟಿಕ್ ಮೀನು ಅಥವಾ ಹೊಳೆಯುವ ಲೋಹದ ಚಮಚ ಬೇಕು.

ಜಿಲೇಬಿ ಮೀನು ಕೂಡ ಸಣ್ಣ ಲ್ಯೂರ್‌ಗೆ ಒಮ್ಮೊಮ್ಮೆ ಬೀಳುತ್ತದೆ. ಆದರೆ ಎರೆಹುಳುವಿಗೆ ಅದು ಇನ್ನೂ ಸಲೀಸಾಗಿ ಬೀಳುವುದರಿಂದ ಅದಕ್ಕೆಂದು ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ.

ನಕಲಿ ಎರೆ ಹುಟ್ಟಿದ ಬಗೆ

ಇಂದು ಜಗತ್ತಿನಾದ್ಯಂತ ಮಾರಾಟವಾಗುವ ರಾಪಾಲಾ ಕಂಪನಿಯ ಮೊದಲ ಮೀನು ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ. ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಾಪಾಲಾ 1936ರಲ್ಲಿ ಬೂಚಿನ ತುಂಡನ್ನು ಚಾಕುವಿನಿಂದ ಕೆತ್ತಿ ಅದನ್ನು ಮಾಡಿದ. ಹೊಳಪಿಗೆ ಚಾಕಲೇಟಿನ ತಗಡು ಹಾಳೆ ಸುತ್ತಿದ. ನೀರು ಇಳಿಯದಂತೆ ಹಳೆಯ ಫೋಟೊ ನೆಗೆಟಿವ್ ಕರಗಿಸಿ ಬಳಿದ. ದೊಡ್ಡ ಮೀನುಗಳು ಗುಂಪಿನಲ್ಲಿ ಓರೆಯಾಗಿ, ಗಾಯವಾದಂತೆ ಈಜುವ ಮರಿಯನ್ನೇ ಆರಿಸಿ ಹಿಡಿಯುವುದನ್ನು ಅವನು ಗಮನಿಸಿದ್ದ. ಅವನ ಗುಟ್ಟು ಆ ಓರೆ ನಡಿಗೆಯಲ್ಲಿತ್ತು.

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಮದ್ರಾಸ್ ಸರ್ಕಾರದ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿದ್ದ ಎಚ್.ಎಸ್. ಥಾಮಸ್ ಎಂಬಾತ ಭಾರತದ ಗಾಳದ ಬೇಟೆಯ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಕೆರೆಗಳಲ್ಲಿ ಗಾಳ ಹಾಕುವುದರ ಬಗ್ಗೆಯೇ ಇನ್ನೊಂದು ಪುಸ್ತಕವನ್ನೂ ಅವನು ಮುಂದೆ ಬರೆದ.

ದುಬಾರಿ ಬೆಲೆಯಲ್ಲಿ ಏನೇನಿದೆ?

ಒಂಬೈನೂರು ರೂಪಾಯಿಯ ಮೀನನ್ನು ಬಿಡಿಸಿ ನೋಡಿದರೆ ಅದರಲ್ಲಿ ಹಲವು ಖರ್ಚುಗಳಿವೆ. ಗಟ್ಟಿ ಪ್ಲಾಸ್ಟಿಕ್ ಅಥವಾ ಹಗುರ ಬಾಲ್ಸಾ ಮರದ ಮೈ, ದೂರ ಎಸೆಯಲು ಅನುಕೂಲವಾಗುವಂತೆ ಹೊಟ್ಟೆಯೊಳಗೆ ಉರುಳುವ ಲೋಹದ ಗುಂಡು, ಹಲವು ಪದರದ ಬಣ್ಣ, ಒಳ್ಳೆಯ ಉಕ್ಕಿನ ಗಾಳ ಮತ್ತು ಉಂಗುರ, ನೀರಿನಲ್ಲಿ ಎಳೆದು ಪರೀಕ್ಷಿಸಿದ ಕೂಲಿ. ಇದರ ಮೇಲೆ ಆಮದು ಸುಂಕ, ಸಾಗಣೆ, ಅಂಗಡಿಯ ಲಾಭ, ಜಾಹೀರಾತು.

ಇವುಗಳಲ್ಲಿ ಮೀನಿಗೆ ಸಂಬಂಧಿಸಿದ್ದು ಎರಡೇ: ನೇರವಾಗಿ, ಸರಿಯಾದ ಓಲಾಟದಿಂದ ಈಜುವ ಗುಣ ಮತ್ತು ಬಿದ್ದ ಮೀನನ್ನು ಬಿಡದ ಗಾಳ. ಬಣ್ಣದ ಮೇಲೆ ಕಂಪನಿಗಳು ಮಾಡುವ ಖರ್ಚಿನಲ್ಲಿ ಬಹುಪಾಲು ಕೊಳ್ಳುವವನ ಕಣ್ಣಿಗಾಗಿ. ಮೀನಿನ ಮೈಯ ಎರಡೂ ಪಕ್ಕಗಳಲ್ಲಿ ನೀರಿನ ಕದಲಿಕೆ ತಿಳಿಯುವ ಸೂಕ್ಷ್ಮ ರೇಖೆ ಇದೆ. ನೀರು ಕದಡಿದಾಗ ಅದು ಬೇಟೆಯನ್ನು ಗುರುತಿಸುವುದರಲ್ಲಿ ಕಣ್ಣಿಗಿಂತ ಈ ರೇಖೆಯ ಪಾತ್ರ ದೊಡ್ಡದು. ಮುಂಗಾರಿನಲ್ಲಿ ಹೊಸಪೇಟೆಯ ಅಣೆಕಟ್ಟಿನಿಂದ ನೀರು ಬಿಟ್ಟು ತುಂಗಭದ್ರೆ ಕೆಂಪಾಗಿ ಹರಿಯುವಾಗ ಮಾಪಿನ ಮೇಲೆ ಬರೆದ ಸಣ್ಣ ಚುಕ್ಕೆಗಳು ಯಾವ ಮೀನಿಗೂ ಕಾಣಿಸವು. ಆಗ ಬೇಕಾದದ್ದು ಕಪ್ಪು ಅಥವಾ ಢಾಳಾದ ಬಣ್ಣ, ಜೋರಾಗಿ ಅಲುಗುವ ಮೈ. ಕಾರ್ತೀಕದ ನಂತರ ನೀರು ತಿಳಿಯಾದ ಮೇಲೆ ಬೆಳ್ಳಿ, ಹಸಿರು, ಕಂದು ಬಣ್ಣಗಳಿಗೆ ಬೆಲೆ ಬರುತ್ತದೆ.

ಅಗ್ಗದ್ದು ಎಲ್ಲಿ ಕೈಕೊಡುತ್ತದೆ?

ಅಗ್ಗದ ಲ್ಯೂರ್ ಮೀನನ್ನು ಆಕರ್ಷಿಸುವುದರಲ್ಲಿ ಸೋಲುವುದು ಕಡಿಮೆ. ಅದು ಸೋಲುವುದು ಮೀನು ಬಿದ್ದ ನಂತರ. ಮೆದು ತಂತಿಯ ಗಾಳ ದೊಡ್ಡ ಬಾಳೆ ಮೀನಿನ ಎಳೆತಕ್ಕೆ ನೆಟ್ಟಗಾಗಿಬಿಡುತ್ತದೆ. ಉಂಗುರ ಬಾಯಿ ಬಿಡುತ್ತದೆ. ಮೈಯ ಬೆಸುಗೆಯಲ್ಲಿ ನೀರು ಇಳಿದು ತೇಲುವ ಮೀನು ಮುಳುಗುತ್ತದೆ. ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ಬರುವ ನಕಲು ಮಾಲಿನದೂ ಇದೇ ಕಥೆ. ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗುವ ಮೊದಲು ಗಾಳವನ್ನು ಇಕ್ಕಳದಿಂದ ಬಗ್ಗಿಸಿ ನೋಡುವುದು ಒಳ್ಳೆಯದು.

ಈ ದೋಷಗಳಲ್ಲಿ ಹೆಚ್ಚಿನವು ಮನೆಯಲ್ಲೇ ಸರಿಹೋಗುತ್ತವೆ.

* ಗಾಳ, ಉಂಗುರ ಬದಲಾಯಿಸಿ. ಒಳ್ಳೆಯ ಕಂಪನಿಯ ಬಿಡಿ ಗಾಳಗಳ ಪೊಟ್ಟಣ ನೂರು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ನೂರೈವತ್ತರ ಲ್ಯೂರ್‌ಗೆ ಇದನ್ನು ಹಾಕಿದರೆ ದುಬಾರಿಯದಕ್ಕೂ ಇದಕ್ಕೂ ಇರುವ ಅಂತರ ಬಹುಪಾಲು ಮುಗಿಯಿತು.

* ಪ್ಲಾಸ್ಟಿಕ್ ಮೀನು ಎಳೆಯುವಾಗ ಎಡಕ್ಕೆ ಎಳೆದರೆ, ದಾರ ಕಟ್ಟುವ ಮೂಗಿನ ಕೊಂಡಿಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಿ. ಬಲಕ್ಕೆ ಎಳೆದರೆ ಎಡಕ್ಕೆ. ಒಂದೆರಡು ಸಲದಲ್ಲಿ ನೇರವಾಗಿ ಓಡುತ್ತದೆ.

* ರಬ್ಬರ್ ಕಪ್ಪೆ ಕೊಳ್ಳುವಾಗ ಬೆರಳಿನಿಂದ ಬೆನ್ನು ಒತ್ತಿ. ಗಾಳದ ಮೊನೆಗಳು ಸುಲಭವಾಗಿ ಹೊರಬರಬೇಕು. ಗಟ್ಟಿ ರಬ್ಬರ್ ಆದರೆ ಮೀನು ಕಚ್ಚಿದರೂ ಗಾಳ ತಾಗುವುದಿಲ್ಲ. ಕಪ್ಪೆಯ ಬೆಲೆಗಿಂತ ಈ ಮೆದುತನ ಮುಖ್ಯ.

* ತೂತಾದ ಕಪ್ಪೆಯೊಳಗಿನ ನೀರು ಹಿಂಡಿ, ಒಣಗಿಸಿ, ಅಂಟು ಹಾಕಿದರೆ ಮತ್ತೆ ತೇಲುತ್ತದೆ.

ದುಡ್ಡು ಹೋಗುವುದು ಬಂಡೆ ಸಂದಿಯಲ್ಲಿ

ಲ್ಯೂರ್‌ನ ನಿಜವಾದ ಖರ್ಚು ಕೊಳ್ಳುವಾಗಲ್ಲ, ಕಳೆದುಕೊಳ್ಳುವಾಗ. ನಮ್ಮ ಭಾಗದ ಹೊಳೆಯಲ್ಲಿ ಬಂಡೆಗಳು, ಪ್ರವಾಹದಲ್ಲಿ ಕೊಚ್ಚಿ ಬಂದ ಬಳ್ಳಾರಿ ಜಾಲಿಯ ಮುಳ್ಳುಕಂಪೆ, ಹರಿದ ಬಲೆಯ ತುಂಡು ಇದ್ದೇ ಇರುತ್ತವೆ. ಬೇಟೆ ಮೀನು ಹೊಂಚು ಹಾಕುವುದೂ ಇಂಥ ಜಾಗದಲ್ಲೇ. ಅಂದರೆ ಮೀನು ಬೇಕಾದರೆ ಲ್ಯೂರ್ ಅಪಾಯದ ಜಾಗಕ್ಕೇ ಹೋಗಬೇಕು.

ಉದಾಹರಣೆಗೆ, ತಿಂಗಳಿಗೆ ಮೂರು ಲ್ಯೂರ್ ಕಳೆಯುತ್ತವೆ ಎಂದಿಟ್ಟುಕೊಳ್ಳಿ. ಒಂಬೈನೂರರದಾದರೆ 2,700 ರೂಪಾಯಿ. ನೂರೈವತ್ತರದಾದರೆ 450. ಇನ್ನೊಂದು ಮಾತೂ ಇದೆ. ಒಂಬೈನೂರರ ಮೀನು ಕಟ್ಟಿದವನು ಕಂಪೆಯ ಹತ್ತಿರ ಎಸೆಯಲು ಹೆದರಿ ಬಯಲು ನೀರಿಗೇ ಎಸೆಯುತ್ತಾನೆ. ಅಲ್ಲಿ ಮೀನು ಇರುವುದಿಲ್ಲ. ಅಗ್ಗದ್ದು ಕಟ್ಟಿದವನು ಧೈರ್ಯವಾಗಿ ಸಂದಿಗೇ ಎಸೆಯುತ್ತಾನೆ.

ಹಾಗಾಗಿ ಲ್ಯೂರ್‌ಗಿಂತ ದಾರಕ್ಕೆ ಹೆಚ್ಚು ಹಣ ಹಾಕುವುದು ಲಾಭ. ಹೆಣೆದ ದಾರ ಹಿಗ್ಗುವುದಿಲ್ಲ, ಅದೇ ದಪ್ಪದ ಸಾದಾ ನೈಲಾನಿಗಿಂತ ಬಲವಾಗಿರುತ್ತದೆ. ಜೊಂಡಿನಲ್ಲಿ ಸಿಕ್ಕ ಕೊರವವನ್ನು ಎಳೆದು ತರಲು ಅದೇ ಬೇಕು. ಬಂಡೆಗೆ, ಬಾಳೆ ಮೀನಿನ ಹಲ್ಲಿಗೆ ತಾಗುವ ತುದಿಯಲ್ಲಿ ಒಂದೆರಡು ಅಡಿ ದಪ್ಪ ನೈಲಾನ್ ಸೇರಿಸಬೇಕು. ಗಂಟನ್ನು ಬಿಗಿಯುವ ಮೊದಲು ಒದ್ದೆ ಮಾಡಿಕೊಳ್ಳಿ. ಒಣ ಗಂಟು ಬಿಗಿಯುವಾಗ ಉಜ್ಜಿ ಕಾದು ದಾರ ಬಲ ಕಳೆದುಕೊಳ್ಳುತ್ತದೆ.

ಹಣ ಕೊಡಬಹುದಾದ ಸಂದರ್ಭ

ಹಾಗೆಂದು ದುಬಾರಿ ಮಾಲೆಲ್ಲ ಮೋಸ ಎನ್ನಲಾಗದು. ಆಳದ ಮಡುವಿನಲ್ಲಿ ಬಾಳೆ ಮೀನಿಗಾಗಿ ಹತ್ತು ಹನ್ನೆರಡು ಅಡಿ ಕೆಳಗೆ ಮುಳುಗಿ ಓಡುವ ಮೀನು ಬೇಕಾದಾಗ ಅಗ್ಗದವು ಹೇಳಿದ ಆಳಕ್ಕೆ ಹೋಗದೆ, ವೇಗವಾಗಿ ಎಳೆದರೆ ಮಗುಚಿಕೊಳ್ಳುವುದುಂಟು. ದಂಡೆಯಿಂದ ದೂರ ಎಸೆಯಬೇಕಾದ ಅಗಲ ಹಿನ್ನೀರಿನಲ್ಲೂ ಹೊಟ್ಟೆಯ ಗುಂಡು ಉರುಳುವ ಒಳ್ಳೆಯ ಮೀನು ನಾಲ್ಕು ಮಾರು ಹೆಚ್ಚು ಹೋಗುತ್ತದೆ. ಇಂಥ ಜಾಗಕ್ಕೆ ಒಂದು ಒಳ್ಳೆಯ ಮೀನು ಇಟ್ಟುಕೊಳ್ಳಬಹುದು. ಆದರೆ ತಳದ ಕಂಪೆ, ಬಂಡೆ ಎಲ್ಲಿದೆ ಎಂದು ಗೊತ್ತಿರುವ ಮಡುವಿನಲ್ಲಿ ಮಾತ್ರ ಅದನ್ನು ಕಟ್ಟಬೇಕು.

ಕೊರವಕ್ಕೆ ಮಾತ್ರ ದುಬಾರಿ ಕಪ್ಪೆ ಬೇಕಿಲ್ಲ. ಸವೆದ ಹವಾಯಿ ಚಪ್ಪಲಿಯ ತುಂಡನ್ನು ಕಪ್ಪೆಯಂತೆ ಕೊಯ್ದು, ಎರಡು ಕವಲಿನ ಗಾಳ ಸೇರಿಸಿ ಎಳೆದರೂ ಅದು ಹಾರಿ ಬೀಳುತ್ತದೆ. ಹಳೆಯ ಸ್ಟೀಲ್ ಚಮಚದ ಹಿಡಿ ಕತ್ತರಿಸಿ, ಎರಡು ತುದಿಗೂ ತೂತು ಕೊರೆದು, ಒಂದಕ್ಕೆ ಉಂಗುರ, ಇನ್ನೊಂದಕ್ಕೆ ಗಾಳ ಹಾಕಿದರೆ ಹೊಳೆಯುತ್ತ ಓಲಾಡುವ ಲ್ಯೂರ್ ಸಿದ್ಧ.

ಕೊರವ ಕಪ್ಪೆಗೆ ಹಾರಿದ ಕೂಡಲೇ ಕೋಲು ಎಳೆಯಬಾರದು. ಒಂದೆರಡು ಕ್ಷಣ ತಡೆದು, ದಾರ ಬಿಗಿಯಾದ ಮೇಲೆ ಎಳೆಯಬೇಕು. ತಪ್ಪಿಸಿಕೊಂಡ ಮೀನಿಗೆ ಕಪ್ಪೆಯನ್ನು ದೂರುವವರು ಬಹಳ. ಅವಸರದ ಕೈಯೇ ಕಾರಣ ಆಗಿರುವುದು ಹೆಚ್ಚು.

ಸಾವಿರ ರೂಪಾಯಿ ಇದ್ದರೆ

ಹೊಸದಾಗಿ ಶುರು ಮಾಡುವವರು ಕೋಲು, ರೀಲ್ ಬಿಟ್ಟು ಸಾವಿರ ರೂಪಾಯಿಯನ್ನು ಸ್ಥೂಲವಾಗಿ ಹೀಗೆ ಹಂಚಬಹುದು: ಹೆಣೆದ ದಾರಕ್ಕೆ 350, ಮೆದು ರಬ್ಬರ್ ಕಪ್ಪೆ ಎರಡಕ್ಕೆ 300, ಲೋಹದ ಚಮಚ ಎರಡಕ್ಕೆ 120, ಬಿಡಿ ಗಾಳ ಮತ್ತು ಉಂಗುರಕ್ಕೆ 100, ದಪ್ಪ ನೈಲಾನ್ ತುದಿ ಮತ್ತು ತಿರುಗಣೆಗೆ 130. ಒಂದೇ ಮೀನಿಗೆ ಸಾವಿರ ಸುರಿಯುವುದಕ್ಕಿಂತ ಇದು ಹೆಚ್ಚು ದಿನ ಬಾಳುತ್ತದೆ.

ನಕಲಿ ಕಪ್ಪೆಯಿಂದ ಇನ್ನೊಂದು ಲಾಭ

ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚಿ ಕೊರವ ಹಿಡಿಯುವುದು ಹಳೆಯ ರೂಢಿ. ಆದರೆ ಹೊಲದ ದೊಡ್ಡ ಕಪ್ಪೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಪ್ಪೆ ಕಾಲಿನ ರಫ್ತನ್ನು ದೇಶ 1987ರಲ್ಲೇ ನಿಲ್ಲಿಸಿದೆ. ಭತ್ತದ ಗದ್ದೆಯ ಹುಳು ತಿನ್ನುವ ಕಪ್ಪೆಯನ್ನು ಉಳಿಸುವ ಮಟ್ಟಿಗೆ ನೂರು ರೂಪಾಯಿಯ ರಬ್ಬರ್ ಕಪ್ಪೆ ದಂಡವಲ್ಲ.

ಮರಿಗಳ ಗುಂಪಿಗೆ ಎಸೆಯಬೇಡಿ

ಮಳೆಗಾಲದಲ್ಲಿ ಕೆರೆಯಂಚಿನ ನೀರಿನ ಮೇಲೆ ಕೆಂಪು, ಕಿತ್ತಳೆ ಬಣ್ಣದ ಸಣ್ಣ ಮರಿಗಳ ಮುದ್ದೆ ಕುದಿಯುವಂತೆ ಕಾಣಿಸುತ್ತದೆ. ಅದು ಕೊರವದ ಸಂಸಾರ. ತಾಯಿ ತಂದೆ ಮೀನು ಕೆಳಗೆ ಕಾವಲಿರುತ್ತದೆ. ಆಗ ಅಲ್ಲಿಗೆ ಯಾವ ಲ್ಯೂರ್ ಎಸೆದರೂ, ಹತ್ತು ರೂಪಾಯಿಯದಾದರೂ, ಕಾವಲಿನ ಮೀನು ಹಾರಿ ಕಚ್ಚುತ್ತದೆ. ಹಸಿವಿನಿಂದಲ್ಲ, ಮರಿಗಳನ್ನು ಕಾಯುವ ಸಿಟ್ಟಿನಿಂದ. ಅನೇಕ ವಿಡಿಯೊಗಳಲ್ಲಿ ದುಬಾರಿ ಲ್ಯೂರ್‌ನ ಮಹಿಮೆ ಎಂದು ತೋರಿಸುವುದು ಇದನ್ನೇ. ಕಾವಲು ಹೋದ ಮೇಲೆ ನೂರಾರು ಮರಿಗಳು ಬೇರೆ ಮೀನು, ಹಕ್ಕಿಗಳ ಪಾಲಾಗುತ್ತವೆ. ಒಂದು ಮೀನಿನ ಆಸೆಗೆ ಮುಂದಿನ ವರ್ಷದ ಕೆರೆ ಖಾಲಿಯಾಗುತ್ತದೆ. ಈ ಒಂದು ವಿಷಯದಲ್ಲಿ ಹಿರಿಯರು ಮಕ್ಕಳಿಗೆ ಬುದ್ಧಿ ಹೇಳಲೇಬೇಕು.

ತಿಳಿದಿರಬೇಕಾದ ಇತರ ಸಂಗತಿಗಳು

ಊರ ಕೆರೆ, ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೆ ಇರುತ್ತದೆ. ಗಾಳ ಹಾಕುವ ಮೊದಲು ಅವರನ್ನು ಕೇಳುವುದು ಕ್ರಮ. ಹೊಳೆಯ ಆಚೆ ದಂಡೆ ತೆಲಂಗಾಣ, ಮೇಲಕ್ಕೆ ಹೋದರೆ ಕರ್ನಾಟಕ. ನಿಯಮಗಳೂ, ನಿಷೇಧದ ತಿಂಗಳುಗಳೂ ಆಯಾ ರಾಜ್ಯದವು. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಕಾಯ್ದೆಯೇ ನಿಷೇಧಿಸಿದೆ.

ಕಾರ್ಬನ್ ಕೋಲು ವಿದ್ಯುತ್ ಹರಿಸುತ್ತದೆ. ಪಂಪ್‌ಸೆಟ್ ತಂತಿಯ ಕೆಳಗೆ ಅದನ್ನು ಎತ್ತಿ ಬೀಸಬೇಡಿ. ಬ್ಯಾರೇಜಿನ ಗೇಟು ಎತ್ತಿದಾಗ ಕೆಳಗಿನ ಬಂಡೆಗಳ ಸುತ್ತ ನೀರು ಸುತ್ತುವರಿಯಲು ಹೆಚ್ಚು ಹೊತ್ತು ಬೇಡ. ಸಿಕ್ಕಿಹಾಕಿಕೊಂಡ ಲ್ಯೂರ್ ಬಿಡಿಸಲೆಂದು ಮಡುವಿಗೆ ಇಳಿಯುವುದಂತೂ ಬೇಡವೇ ಬೇಡ. ಕಳೆದದ್ದು ನೂರೈವತ್ತರದಾದರೆ ದಾರ ಕತ್ತರಿಸಿ ಮನೆಗೆ ಹೋಗುವುದು ಸುಲಭ. ಒಂಬೈನೂರರದಾದರೆ ಕಾಲು ತಾನಾಗಿ ನೀರಿನ ಕಡೆಗೆ ಹೋಗುತ್ತದೆ. ಅಗ್ಗದ ಲ್ಯೂರ್ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದೂ ಒಂದು.

ಒಟ್ಟಿನಲ್ಲಿ, ಗೆಂಡೆ ಮೀನಿಗೆ ಹಿಂಡಿ ಉಂಡೆ, ಕೊರವಕ್ಕೆ ಮೆದು ರಬ್ಬರ್ ಕಪ್ಪೆ, ಆಳದ ಬಾಳೆ ಮೀನಿಗೆ ಬೇಕೆಂದರೆ ಒಂದೇ ಒಂದು ಒಳ್ಳೆಯ ಮೀನು. ಉಳಿದ ಹಣ ದಾರಕ್ಕೆ, ಗಾಳಕ್ಕೆ. ಮೀನು ಬೆಲೆಯ ಚೀಟಿ ಓದುವುದಿಲ್ಲ.